ಹಾಯಿದೋಣಿ ಬಿಟ್ಟು ಟ್ರೇಲರ್‌ಗೆ: ಅಮೆರಿಕದಲ್ಲಿ ಮನೆ ಬದಲಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾಯಿದೋಣಿಯನ್ನೇ ಮನೆ ಮಾಡಿಕೊಂಡವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ದೋಣಿ ಮಾರಿ ಟ್ರೇಲರ್ ತಗೊಳ್ಳೋಣ ಅಂತಿದ್ದೀವಿ. ಎಲ್ಲಿಂದ ಶುರು ಮಾಡೋದು?" ಕಾರಣಗಳು ಬೇರೆ ಬೇರೆ. ಕೆಲವರಿಗೆ ಮಾಸ್ಟ್ (ಹಾಯಿಕಂಬ) ಹತ್ತಲು ಮಂಡಿ ಒಪ್ಪುತ್ತಿಲ್ಲ. ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಕಾಲದಲ್ಲಿ ದೋಣಿ ಎಲ್ಲಿರಬೇಕು ಎಂದು ವಿಮಾ ಕಂಪನಿ ಹಾಕುವ ಷರತ್ತು ಕೆಲವರಿಗೆ ಸಾಕಾಗಿದೆ. ಇನ್ನು ಕೆಲವರ ಮೊಮ್ಮಕ್ಕಳು ಡೆನ್ವರ್‌ನಲ್ಲಿದ್ದಾರೆ. ಅಲ್ಲಿಗೆ ದೋಣಿ ಹೋಗುವುದಿಲ್ಲ. ಕನ್ನಡದಲ್ಲೇ ಕೇಳುವವರೂ ಇರುವುದರಿಂದ, ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ಟ್ರೇಲರ್ ಎಂದರೆ ಇಲ್ಲಿ ಪಿಕಪ್ ಅಥವಾ ದೊಡ್ಡ ಎಸ್‌ಯುವಿಯ ಹಿಂದೆ ಕಟ್ಟಿ ಎಳೆಯುವ, ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಎಲ್ಲ ಇರುವ ಟ್ರಾವೆಲ್ ಟ್ರೇಲರ್. ತಾನೇ ಓಡುವ ಮೋಟರ್‌ಹೋಮ್ ಬೇರೆ. ಟ್ರಕ್ಕಿನ ತೊಟ್ಟಿಯೊಳಗೆ ಕೊಂಡಿ ಕೂರಿಸುವ ಫಿಫ್ತ್ ವೀಲ್ ಕೂಡ ಬೇರೆ.

ಮೊದಲೇ ಒಂದು ಮಾತು ತಲೆಯಲ್ಲಿರಲಿ. ದೋಣಿಯಲ್ಲಿ ಲಂಗರು ಹಾಕಿದ ಮೇಲೂ ಆತಂಕ ಬಿಡುವುದಿಲ್ಲ. ಗಾಳಿ ತಿರುಗಿದರೆ ನಡುರಾತ್ರಿ ಎದ್ದು ಕೂರಬೇಕು. ಟ್ರೇಲರ್‌ನಲ್ಲಿ ಚಕ್ರಕ್ಕೆ ಅಡೆ ಕೊಟ್ಟರೆ ನೆಮ್ಮದಿಯ ನಿದ್ದೆ, ಅಪಾಯವೆಲ್ಲ ಓಡುವಾಗಲೇ. ಆ ಅಪಾಯದ ಬೇರು ಹೆಚ್ಚಿನಂಶ ತೂಕದಲ್ಲಿದೆ. ನೀರು, ಕರೆಂಟು ಅಳೆದು ಬಳಸುವುದನ್ನು ನೀವು ಆಗಲೇ ಕಲಿತಿದ್ದೀರಿ. ಹೊಸದಾಗಿ ಕಲಿಯಬೇಕಾದದ್ದು ಪೌಂಡಿನ ಲೆಕ್ಕ.

ಹಂತ 1: ದೋಣಿ ಮಾರುವ ಮುನ್ನ ಟ್ರೇಲರ್ ಬಾಡಿಗೆಗೆ ಪಡೆಯಿರಿ

ಕನಿಷ್ಠ ಒಂದು ವಾರ, ಸಾಧ್ಯವಾದರೆ ಮಳೆಗಾಲದಲ್ಲಿ ಬಾಡಿಗೆಗೆ ಪಡೆದು ಇದ್ದು ನೋಡಿ. ಜಾಗ ಕಿರಿದೆಂಬುದು ನಿಮಗೆ ಹೊಸದಲ್ಲ. ಆದರೆ ಹೆದ್ದಾರಿಯ ಸದ್ದು, ಅಕ್ಕಪಕ್ಕದ ಕ್ಯಾಂಪಿನವರ ಜನರೇಟರ್, ದಿನಕ್ಕೆ ನಾಲ್ಕು ಗಂಟೆ ಸ್ಟೀರಿಂಗ್ ಹಿಡಿದು ಕೂರುವುದು, ಇವು ಇಬ್ಬರಿಗೂ ಒಗ್ಗುತ್ತವೆಯೇ ಎಂಬುದು ಇದ್ದು ನೋಡದೆ ತಿಳಿಯದು. ದೋಣಿಯಲ್ಲಿ ಆಟೋಪೈಲಟ್ ಹಾಕಿ ಕಾಫಿ ಕಾಯಿಸಬಹುದಿತ್ತು, ಇಲ್ಲಿ ಕಣ್ಣು ರಸ್ತೆಯಿಂದ ಕದಲುವಂತಿಲ್ಲ.

ಹಂತ 2: ದೋಣಿಯ ಕಾಗದಪತ್ರ ಮತ್ತು ಮಾರಾಟ

ನಿಮ್ಮ ದೋಣಿ ರಾಜ್ಯದಲ್ಲಿ ನೋಂದಣಿಯಾಗಿದೆಯೋ, ಕೋಸ್ಟ್ ಗಾರ್ಡ್‌ನಲ್ಲಿ ಡಾಕ್ಯುಮೆಂಟ್ ಆಗಿದೆಯೋ (ಕೇಂದ್ರ ಸರ್ಕಾರದ ದಾಖಲೆಗೆ ಸೇರಿದೆಯೋ) ನೋಡಿಕೊಳ್ಳಿ. ಡಾಕ್ಯುಮೆಂಟ್ ಆಗಿದ್ದರೆ ವೆಸ್ಟ್ ವರ್ಜೀನಿಯಾದ ಫಾಲಿಂಗ್ ವಾಟರ್ಸ್‌ನಲ್ಲಿರುವ ಕೋಸ್ಟ್ ಗಾರ್ಡಿನ ರಾಷ್ಟ್ರೀಯ ದಾಖಲಾತಿ ಕೇಂದ್ರದಿಂದ ಆಬ್‌ಸ್ಟ್ರಾಕ್ಟ್ ಆಫ್ ಟೈಟಲ್ ತರಿಸಿ. ದೋಣಿ ಯಾರಿಂದ ಯಾರಿಗೆ ಬಂತು, ಯಾವ ಸಾಲ ಬಾಕಿಯಿದೆ ಎಂದು ತೋರಿಸುವ ಪತ್ರ ಅದು. ಎಂದೋ ತೀರಿಸಿದ ಸಾಲ ದಾಖಲೆಯಲ್ಲಿ ಹಾಗೇ ಉಳಿದು, ಕೊನೆ ಗಳಿಗೆಯಲ್ಲಿ ಮಾರಾಟ ನಿಲ್ಲುವುದುಂಟು. ಕೊಳ್ಳುವವರು ಸರ್ವೇ ಕೇಳಿಯೇ ಕೇಳುತ್ತಾರೆ. ಅಂದರೆ ದೋಣಿಯನ್ನು ನೀರಿನಿಂದ ಎತ್ತಿಸಿ ತಜ್ಞರಿಂದ ತಪಾಸಣೆ ಮಾಡಿಸುವುದು. ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಬೆಲೆಯ 10 ಶೇಕಡಾ ಅವರಿಗೆ.

ಬಹಳ ಮಂದಿ ಮರೆಯುವುದು ಇಪಿರ್ಬ್ ಅನ್ನು. ಮುಳುಗುವಾಗ ಉಪಗ್ರಹಕ್ಕೆ ಸಂಕೇತ ಕಳಿಸುವ ಈ ಸಾಧನ ಸಾಗರ, ಹವಾಮಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನೋವಾದಲ್ಲಿ ನಿಮ್ಮ ಹೆಸರಲ್ಲಿ ನೋಂದಣಿಯಾಗಿರುತ್ತದೆ. ಮಾರಿದ ಮೇಲೆ ಅಲ್ಲಿ ಮಾಹಿತಿ ಬದಲಿಸದಿದ್ದರೆ, ಹೊಸ ಮಾಲೀಕರು ಆಪತ್ತಿನಲ್ಲಿದ್ದಾಗ ಕರೆ ನಿಮಗೆ ಬರುತ್ತದೆ, ಅವರನ್ನು ಹುಡುಕುವ ಹೊತ್ತು ವ್ಯರ್ಥವಾಗುತ್ತದೆ. ಒಂದು ಜೀವದ ಪ್ರಶ್ನೆ ಇದು, ಅದೇ ದಿನ ಮುಗಿಸಿಬಿಡಿ. ರೇಡಿಯೋದಲ್ಲಿ ದೋಣಿಯನ್ನು ಗುರುತಿಸುವ ಎಂಎಂಎಸ್‌ಐ ಸಂಖ್ಯೆಯ ನೋಂದಣಿಯನ್ನೂ ಹಾಗೆಯೇ ಸರಿಪಡಿಸಿ. ಆಪತ್ತಿನಲ್ಲಿ ಹೊತ್ತಿಸುವ, ಅವಧಿ ಮೀರಿದ ಫ್ಲೇರ್‌ಗಳನ್ನು ಕಸದ ತೊಟ್ಟಿಗೆ ಹಾಕಬೇಡಿ, ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರದವರನ್ನು ಕೇಳಿ. ಮಾರಾಟ ಪೂರ್ತಿ ಮುಗಿದು ಹಣ ಕೈಸೇರುವವರೆಗೆ ದೋಣಿಯ ವಿಮೆ ಚಾಲ್ತಿಯಲ್ಲಿರಲಿ.

ಸಾಮಾನುಗಳಲ್ಲಿ ಇಟ್ಟುಕೊಳ್ಳಬೇಕಾದದ್ದು ಕಡಿಮೆ: ಮಲ್ಟಿಮೀಟರ್, ವೈರ್ ಕ್ರಿಂಪ್ ಮಾಡುವ ಇಕ್ಕಳ, ಸೋರಿಕೆ ಮುಚ್ಚುವ ಬ್ಯುಟೈಲ್ ಟೇಪ್, ತಲೆಗೆ ಕಟ್ಟುವ ಟಾರ್ಚ್, ಲಂಗರು ಹಾಕುವಾಗ ಇಬ್ಬರೂ ಮಾತಾಡಿಕೊಳ್ಳುತ್ತಿದ್ದ ಹೆಡ್‌ಸೆಟ್, ಪ್ರೆಷರ್ ಕುಕ್ಕರ್. ಮಿಕ್ಕಿದ್ದನ್ನು ದೋಣಿಯ ಜೊತೆಗೇ ಕೊಟ್ಟುಬಿಡಿ.

ಹಂತ 3: ವಿಳಾಸ

ದೋಣಿಯವರಿಗೆ ಮರೀನಾ (ದೋಣಿ ಕಟ್ಟುವ ತಾಣ) ಒಂದು ನೆಲೆ. ರಸ್ತೆಯಲ್ಲಿರುವವರಿಗೆ ಅದೂ ಇಲ್ಲ. ಆದ್ದರಿಂದ ಯಾವ ರಾಜ್ಯದ ನಿವಾಸಿ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಸದಾ ಸಂಚಾರದಲ್ಲಿರುವವರು ಹೆಚ್ಚಾಗಿ ಆರಿಸುವುದು ಫ್ಲಾರಿಡಾ, ಟೆಕ್ಸಸ್, ಸೌತ್ ಡಕೋಟಾ. ಮೂರರಲ್ಲೂ ರಾಜ್ಯ ಆದಾಯ ತೆರಿಗೆ ಇಲ್ಲ. ಟಪಾಲು ಸ್ವೀಕರಿಸಿ ನೀವಿದ್ದಲ್ಲಿಗೆ ಕಳಿಸುವ ಸೇವೆಗಳೂ ಅಲ್ಲೇ ಬೆಳೆದಿವೆ. ಫ್ಲಾರಿಡಾದ ಗ್ರೀನ್ ಕೋವ್ ಸ್ಪ್ರಿಂಗ್ಸ್‌ನ ಸೇಂಟ್ ಬ್ರೆಂಡನ್ಸ್ ಐಲ್ ಎಂಬ ಟಪಾಲು ಸೇವೆ ದೋಣಿಯವರಿಗೆ ಪರಿಚಿತ. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿರುವ ಎಸ್ಕೇಪೀಸ್ ಟ್ರೇಲರಿನವರ ಕೂಟ. ಇಂಥ ಸೇವೆಗೆ ಅಂಚೆ ಇಲಾಖೆಯ 1583 ನಮೂನೆ ತುಂಬಿಕೊಡಬೇಕು. ಕೆಲವು ಬ್ಯಾಂಕುಗಳು ಈ ಬಗೆಯ ವಿಳಾಸವನ್ನು ವಾಸದ ವಿಳಾಸವೆಂದು ಒಪ್ಪುವುದಿಲ್ಲ, ಖಾತೆ ಬದಲಿಸುವ ಮುನ್ನವೇ ಕೇಳಿಕೊಳ್ಳಿ.

ಪೌರತ್ವ ಇನ್ನೂ ಸಿಗದವರು ಎರಡು ವಿಷಯ ಗಮನಿಸಬೇಕು. ಗ್ರೀನ್ ಕಾರ್ಡ್ ಇದ್ದರೂ ವಿಳಾಸ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು, ಅದರ ನಮೂನೆ ಎಆರ್-11. ಎಚ್-1ಬಿ ವೀಸಾದವರ ಸಂಗತಿ ಇನ್ನೂ ಬಿಗಿ. ಅರ್ಜಿಯಲ್ಲಿ ತೋರಿಸಿದ ಊರಿನ ಆಸುಪಾಸು ಬಿಟ್ಟು ಬೇರೆಡೆ ಕೂತು ಕೆಲಸ ಮಾಡಲು ಸಾಮಾನ್ಯವಾಗಿ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. "ಇಂಟರ್ನೆಟ್ ಇದ್ದರೆ ಸಾಕು, ಅರಿಜೋನಾದಿಂದಲೂ ಕೆಲಸ ಮಾಡ್ತೀನಿ" ಎಂದು ಹೊರಡುವ ಮೊದಲು ವಕೀಲರನ್ನು ಕಾಣಿ. ರಜೆಯಲ್ಲಿ ಸುತ್ತುವುದಕ್ಕೆ ಈ ತೊಡಕಿಲ್ಲ.

ಹಂತ 4: ತೂಕ

ಈ ಒಂದು ಹಂತವನ್ನು ದಯವಿಟ್ಟು ಕಾಗದ, ಪೆನ್ನು ಹಿಡಿದು ಓದಿ.

34 ಅಡಿಯ ಹಾಯಿದೋಣಿಗೆ ಸಾವಿರ ಪೌಂಡ್ ಸಾಮಾನು ಹೇರಿದರೆ ಅದು ಸುಮಾರು ಒಂದಿಂಚು ಕೆಳಗಿಳಿಯುತ್ತದೆ, ವೇಗ ತುಸು ಕುಗ್ಗುತ್ತದೆ, ಅಷ್ಟೆ. ಅದೇ ಸಾವಿರ ಪೌಂಡ್ ಟ್ರೇಲರಿನಲ್ಲಿ ಟೈರ್ ಸಿಡಿಸಬಹುದು, ಬ್ರೇಕ್ ಸಾಲದಂತೆ ಮಾಡಬಹುದು. ಅದಕ್ಕೇ ಈ ಪದಗಳು ಬಾಯಿಪಾಠವಾಗಿರಲಿ.

ಡ್ರೈ ವೇಟ್: ಸಾಮಾನು, ನೀರು ಏನೂ ಇಲ್ಲದ ಟ್ರೇಲರಿನ ತೂಕ. ಮಾರುವವರು ದೊಡ್ಡಕ್ಷರದಲ್ಲಿ ತೋರಿಸುವುದು ಇದನ್ನೇ. ನಿಮ್ಮ ಲೆಕ್ಕಕ್ಕೆ ಇದರಿಂದ ಹೆಚ್ಚು ಉಪಯೋಗವಿಲ್ಲ.

ಜಿವಿಡಬ್ಲ್ಯುಆರ್: ಎಲ್ಲ ತುಂಬಿದ ಮೇಲೆ ಟ್ರೇಲರ್ ಮೀರಬಾರದ ಗರಿಷ್ಠ ತೂಕ. ವರ್ಷಪೂರ್ತಿ ಅದರಲ್ಲೇ ಇರುವವರು ಈ ಮಿತಿಯ ಹತ್ತಿರಕ್ಕೆ ಬಂದೇ ಬರುತ್ತಾರೆ. ಆದ್ದರಿಂದ ಟ್ರಕ್ ಆರಿಸುವಾಗ ಈ ಅಂಕಿಯನ್ನೇ ಹಿಡಿಯಿರಿ.

ಟಂಗ್ ವೇಟ್: ಟ್ರೇಲರಿನ ಮೂತಿ ಟ್ರಕ್ಕಿನ ಕೊಂಡಿಯ ಮೇಲೆ ಕೆಳಮುಖವಾಗಿ ಹೇರುವ ಭಾರ. ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. ಎತ್ತಿನ ಗಾಡಿ ಹೇರುವುದನ್ನು ಕಂಡವರಿಗೆ ಇದು ತಟ್ಟನೆ ತಿಳಿಯುತ್ತದೆ: ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಹೆಚ್ಚಾದರೆ ಎತ್ತಿನ ಕುತ್ತಿಗೆ ಕುಸಿಯುತ್ತದೆ. ಟ್ರೇಲರಿನಲ್ಲಿ 10 ಶೇಕಡಾಕ್ಕಿಂತ ಕಡಿಮೆಯಾದರೆ ಹಿಂಬದಿ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. 15 ಮೀರಿದರೆ ಟ್ರಕ್ಕಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ.

ಪೇಲೋಡ್: ಟ್ರಕ್ ತನ್ನ ಮೈಮೇಲೆ ಹೊರಬಹುದಾದ ಒಟ್ಟು ತೂಕ. ಚಾಲಕರ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಅಂಟಿಸಿದ ಹಳದಿ-ಬಿಳಿ ಚೀಟಿಯಲ್ಲಿ ಬರೆದಿರುತ್ತದೆ. ಒಂದೇ ಮಾಡೆಲಿನ ಎರಡು ಟ್ರಕ್ಕುಗಳಲ್ಲೂ ಈ ಅಂಕಿ ಬೇರೆ ಇರಬಹುದು. ಆದ್ದರಿಂದ ಕೊಳ್ಳುವ ಟ್ರಕ್ಕಿನ ಚೀಟಿಯನ್ನೇ ಓದಿ.

ಈಗ ಒಂದು ಉದಾಹರಣೆ. ಟ್ರೇಲರಿನ ಡ್ರೈ ವೇಟ್ 4,800 ಪೌಂಡ್, ಜಿವಿಡಬ್ಲ್ಯುಆರ್ 6,000 ಎಂದಿಟ್ಟುಕೊಳ್ಳಿ. ತುಂಬಲು ಉಳಿದದ್ದು 1,200. ನೀರು ಗ್ಯಾಲನ್ನಿಗೆ 8.34 ಪೌಂಡ್ ತೂಗುತ್ತದೆ. 40 ಗ್ಯಾಲನ್ ತುಂಬಿದರೆ 334 ಪೌಂಡ್ ಹೋಯಿತು. ಉಳಿದ 866ರಲ್ಲಿ ಅಕ್ಕಿ, ಬೇಳೆ, ಪಾತ್ರೆ, ಬಟ್ಟೆ, ಹಾಸಿಗೆ, ಪುಸ್ತಕ, ಹೆಚ್ಚುವರಿ ಬ್ಯಾಟರಿ ಎಲ್ಲ ಹಿಡಿಸಬೇಕು.

ಇನ್ನು ಟ್ರಕ್. ಜಾಹೀರಾತಿನಲ್ಲಿ "9,000 ಪೌಂಡ್ ಎಳೆಯುತ್ತದೆ" ಎಂದಿದೆ, ಚೀಟಿಯಲ್ಲಿ ಪೇಲೋಡ್ 1,400. ನೀವಿಬ್ಬರೂ ಸೇರಿ 320, ಹಿಚ್ ಎಂಬ ಕೊಂಡಿಯ ಜೋಡಣೆ 80, ತೊಟ್ಟಿಯಲ್ಲಿ ಜನರೇಟರ್ ಮತ್ತು ಸಲಕರಣೆ 200: ಒಟ್ಟು 600. ಉಳಿದದ್ದು 800. ತುಂಬಿದ ಟ್ರೇಲರಿನ 12.5 ಶೇಕಡಾ ಎಂದರೆ 750 ಪೌಂಡ್ ಟಂಗ್ ವೇಟ್. ಕೈಯಲ್ಲಿ ಮಿಕ್ಕಿದ್ದು 50 ಪೌಂಡ್ ಮಾತ್ರ! ಎಳೆಯುವ ಶಕ್ತಿ ಇನ್ನೂ 3,000 ಪೌಂಡ್ ಉಳಿದಿರುವಾಗಲೇ ಹೊರುವ ಶಕ್ತಿ ತೀರಿಹೋಯಿತು. ಟ್ರೇಲರ್ ಮೊದಲು ಕೊಂಡು, ಮನೆಯಲ್ಲಿದ್ದ ವಾಹನಕ್ಕೇ ಕಟ್ಟಲು ಹೋಗುವವರು ಎಡವುವುದು ಇಲ್ಲೇ. ಟ್ರೇಲರನ್ನು ಕಾಗದದ ಮೇಲೆ ಆರಿಸಿ, ಅದಕ್ಕೆ ಸಾಲುವ ಟ್ರಕ್ ಕೊಂಡು, ಆಮೇಲೆ ಟ್ರೇಲರ್ ತನ್ನಿ.

ತುಂಬಿದ ಮೇಲೆ ತೂಗಿಸಲೇಬೇಕು. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ, ಖರ್ಚು ಅಲ್ಪ. ಒಮ್ಮೆ ಟ್ರಕ್ ಒಂದನ್ನೇ, ಇನ್ನೊಮ್ಮೆ ಟ್ರೇಲರ್ ಕಟ್ಟಿ (ಆರನೇ ಹಂತದಲ್ಲಿ ಹೇಳುವ, ಭಾರ ಹಂಚುವ ಹಿಚ್ಚಿನ ಸರಳುಗಳನ್ನು ಸಡಿಲಿಸಿ) ತೂಗಿಸಿ. ಟ್ರಕ್ಕಿನ ಎರಡು ಅಚ್ಚುಗಳ ಮೇಲೆ ಎಷ್ಟು ಹೆಚ್ಚಾಯಿತೋ ಅದೇ ನಿಮ್ಮ ಟಂಗ್ ವೇಟ್.

ಹಂತ 5: ಯಾವ ಟ್ರೇಲರ್?

ಇಲ್ಲಿ ನನ್ನ ಒಲವನ್ನು ಮುಚ್ಚಿಡುವುದಿಲ್ಲ. ದೋಣಿಯಿಂದ ಬರುವವರಿಗೆ ಫೈಬರ್‌ಗ್ಲಾಸ್ ಟ್ರೇಲರೇ ಒಳ್ಳೆಯದು. ಎರಡು ಅಚ್ಚಿನಲ್ಲಿ ಎರಕ ಹೊಯ್ದ ಅರ್ಧಗಳನ್ನು ಸೇರಿಸಿ ಮಾಡುವ ಈ ಟ್ರೇಲರುಗಳಿಗೆ ಚಾವಣಿಯಲ್ಲಿ ಉದ್ದುದ್ದ ಬೆಸುಗೆಗಳಿರುವುದಿಲ್ಲ, ಸೋರುವ ಜಾಗಗಳೇ ಕಡಿಮೆ. ಜೆಲ್‌ಕೋಟ್ ಎಂಬ ಹೊಳಪಿನ ಹೊರಪದರವನ್ನು ಉಜ್ಜಿ ಮೇಣ ಹಚ್ಚುವುದು ನಿಮಗೆ ಗೊತ್ತಿರುವ ಕೆಲಸವೇ. ಮಿನ್ನೆಸೋಟಾದ ಸ್ಕ್ಯಾಂಪ್, ಟೆಕ್ಸಸ್‌ನ ಕಸೀಟಾ, ಟೆನೆಸ್ಸಿಯ ಆಲಿವರ್ ಈ ಬಗೆಯವು. ತೊಡಕೆಂದರೆ ಅಳತೆ ಚಿಕ್ಕದು, ಹಳೆಯದಕ್ಕೂ ಬೆಲೆ ಇಳಿಯುವುದಿಲ್ಲ.

ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವವು ಮರ ಅಥವಾ ಅಲ್ಯೂಮಿನಿಯಂ ಚೌಕಟ್ಟಿಗೆ ಹೊದಿಕೆ ಹಾಕಿ, ಮೇಲೆ ರಬ್ಬರ್ ಹಾಳೆ ಹೊದಿಸಿದವು. ಇಂಡಿಯಾನಾದ ಎಲ್ಕ್‌ಹಾರ್ಟ್ ಇವುಗಳ ತವರು. ಜಾಗ ವಿಶಾಲ, ಬೆಲೆ ಕಡಿಮೆ, ಆದರೆ ನೀರೇ ಇವುಗಳ ಶತ್ರು. ಹಳೆಯದನ್ನು ಕೊಳ್ಳುವಾಗ ದೋಣಿಯ ಡೆಕ್ ಪರೀಕ್ಷಿಸುವ ವಿದ್ಯೆಯನ್ನೇ ಬಳಸಿ. ಮೂಲೆಗಳಲ್ಲಿ, ಕಿಟಕಿಯ ಕೆಳಗೆ, ಚಾವಣಿಯ ಗಾಳಿಕಿಂಡಿಯ ಸುತ್ತ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, ತೇವ ಅಳೆಯುವ ಮೀಟರ್ ಹಿಡಿಯಿರಿ, ನೆಲ ಮೆತ್ತಗಿದೆಯೇ ನೋಡಿ. ಹೊರಗೋಡೆಯನ್ನು ಬದಿಯಿಂದ ಓರೆನೋಟದಲ್ಲಿ ನೋಡಿದಾಗ ಉಬ್ಬು ಕಂಡರೆ ಒಳಪದರ ಬಿಟ್ಟುಕೊಂಡಿದೆ ಎಂದರ್ಥ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಬಿಟ್ಟು ಬನ್ನಿ.

ಹಂತ 6: ಕೊಂಡಿ, ಸರಪಳಿ, ಬ್ರೇಕ್

ಬಾಲ್ ಎಂಬ ಉಕ್ಕಿನ ಗುಂಡು 2 ಇಂಚಿನದೂ ಇರುತ್ತದೆ, 2 5/16 ಇಂಚಿನದೂ ಇರುತ್ತದೆ. ಅದರ ಮೇಲೆ ಕೂರುವ ಟ್ರೇಲರಿನ ಬಟ್ಟಲಿಗೆ ಸರಿಹೊಂದುವುದೇ ಬೇಕು. ಚಿಕ್ಕ ಗುಂಡು ಕೂತಂತೆ ಕಂಡರೂ ರಸ್ತೆಯ ಹಳ್ಳದಲ್ಲಿ ಹಾರಿ ಕಳಚಿಕೊಳ್ಳುತ್ತದೆ. ಭಾರವನ್ನು ಟ್ರಕ್ಕಿನ ಮುಂದಿನ ಚಕ್ರಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ, ಓಲಾಟ ತಡೆಯುವ ಸ್ವೇ ಕಂಟ್ರೋಲ್ ಇರುವುದನ್ನೇ ಕೊಳ್ಳಿ. ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ನಿಲ್ಲುತ್ತದೆ.

ಟ್ರೇಲರಿಗೆ ತನ್ನದೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತದೆ, ಅದನ್ನು ನಡೆಸುವ ಕಂಟ್ರೋಲರ್ ಟ್ರಕ್ಕಿನಲ್ಲಿರಬೇಕು. ಟ್ರೇಲರ್ ಬೀಸತೊಡಗಿದರೆ ಟ್ರಕ್ಕಿನ ಬ್ರೇಕನ್ನು ಜೋರಾಗಿ ಒತ್ತಬೇಡಿ, ಸ್ಟೀರಿಂಗ್ ಎಳೆದಾಡಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಕಂಟ್ರೋಲರಿನ ಕೈಗುಂಡಿಯಿಂದ ಟ್ರೇಲರಿನ ಬ್ರೇಕನ್ನಷ್ಟೇ ಹಾಕಿ, ಅದು ನೇರವಾಗುತ್ತದೆ. ಖಾಲಿ ಮೈದಾನದಲ್ಲಿ ಆ ಗುಂಡಿಗೆ ಕೈ ತಾನಾಗಿ ಹೋಗುವವರೆಗೆ ಅಭ್ಯಾಸ ಮಾಡಿ.

ಹಿಮ್ಮುಖ ಓಡಿಸಲು ಅಂಗೈಯನ್ನು ಸ್ಟೀರಿಂಗಿನ ಕೆಳಭಾಗದಲ್ಲಿಡಿ. ಕೈ ಬಲಕ್ಕೆ ಸರಿದರೆ ಟ್ರೇಲರಿನ ಹಿಂಬದಿ ಬಲಕ್ಕೆ ಹೋಗುತ್ತದೆ. ಚುಕ್ಕಾಣಿಯ ಹಿಡಿಯನ್ನು ಎದುರು ದಿಕ್ಕಿಗೆ ತಳ್ಳಿ ರೂಢಿಯಾದವರಿಗೆ ಮೊದಲು ಗೊಂದಲವಾಗುತ್ತದೆ, ನಿಧಾನ ಮಾಡಿ. ಸಂಶಯ ಬಂದಾಗಲೆಲ್ಲ ನಿಲ್ಲಿಸಿ, ಇಳಿದು ನೋಡಿ.

ಹಂತ 7: ಕರೆಂಟು, ನೀರು, ಗ್ಯಾಸು

ಮರೀನಾದ 30 ಆಂಪ್ ಪ್ಲಗ್ ತಿರುಗಿಸಿ ಕೂರಿಸುವಂಥದ್ದು, ಕ್ಯಾಂಪಿನದು ನೇರ ಮೂರು ಕಾಲಿನದು. ದೋಣಿಯ ತಂತಿ ಅಲ್ಲಿ ಕೂರುವುದಿಲ್ಲ. 30 ಆಂಪ್ ಎಂದರೆ 120 ವೋಲ್ಟಿನಲ್ಲಿ 3,600 ವಾಟ್: ಎಸಿ ಓಡುವಾಗ ಮೈಕ್ರೋವೇವ್, ಕೆಟಲ್ ಎರಡನ್ನೂ ಹಾಕಿದರೆ ಬ್ರೇಕರ್ ಬೀಳುತ್ತದೆ. 50 ಆಂಪಿನ ಕಂಬದಲ್ಲಿ ಎರಡು ತಂತಿ ಸೇರಿ 12,000 ವಾಟ್ ಸಿಗುತ್ತದೆ. ಸ್ನೇಹಿತರ ಮನೆಯಂಗಳದಲ್ಲಿ ನಿಂತಾಗ ಎಚ್ಚರ. ಟ್ರೇಲರಿನ 30 ಆಂಪ್ ಸಾಕೆಟ್ಟನ್ನು ಬಟ್ಟೆ ಒಣಗಿಸುವ ಯಂತ್ರದ್ದೆಂದು ತಿಳಿದು 240 ವೋಲ್ಟ್ ಜೋಡಿಸುವ ಎಲೆಕ್ಟ್ರಿಷಿಯನ್ನರಿದ್ದಾರೆ. ಒಮ್ಮೆ ಹಾಕಿದರೆ ಒಳಗಿನ ಉಪಕರಣಗಳೆಲ್ಲ ಸುಟ್ಟುಹೋಗುತ್ತವೆ. ಮಲ್ಟಿಮೀಟರ್‌ನಿಂದ ಅಳೆಯದೆ ಪ್ಲಗ್ ಹಾಕಬೇಡಿ. ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ ಇದ್ದರೆ ಟ್ರೇಲರ್ ಸಮತಟ್ಟಾಗಿ ನಿಲ್ಲಬೇಕು, ಓರೆಯಾದರೆ ಅದು ಕೆಡುತ್ತದೆ.

ನೀರಿನಲ್ಲಿ ದೊಡ್ಡ ವ್ಯತ್ಯಾಸವಿದೆ. ದೋಣಿಯಲ್ಲಿ ಸಿಂಕಿನ ನೀರು ಸಮುದ್ರಕ್ಕೆ ಹೋಗುತ್ತಿತ್ತು. ಟ್ರೇಲರಿನಲ್ಲಿ ಅದು ಗ್ರೇ ಟ್ಯಾಂಕಿನಲ್ಲಿ ಶೇಖರವಾಗುತ್ತದೆ, ನೆಲಕ್ಕೆ ಬಿಡುವುದು ಬಹಳ ಕಡೆ ನಿಷಿದ್ಧ. ಕುಡಿಯುವ ನೀರು ಇನ್ನೂ ಇದ್ದರೂ ಗ್ರೇ ಟ್ಯಾಂಕ್ ತುಂಬಿ ಕ್ಯಾಂಪ್ ಬಿಡಬೇಕಾಗುತ್ತದೆ. ಸಿಂಕಿನೊಳಗೆ ಒಂದು ಬೋಗುಣಿ ಇಟ್ಟು ಪಾತ್ರೆ ತೊಳೆಯಿರಿ. ಟಾಯ್ಲೆಟ್ಟಿನ ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ಕ್ಯಾಂಪಿನಲ್ಲಿ ಒಳಚರಂಡಿ ಜೋಡಿಸಿದ್ದರೂ ಮುಚ್ಚಿಯೇ ಇಡಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಭಾಗ ಒಳಗೇ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ತುಂಬಿದ ಮೇಲೆ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ಬಿಡಿ. ಸಾಬೂನಿನ ನೀರು ಕೊಳವೆಯನ್ನು ತೊಳೆಯುತ್ತದೆ. ಕುಡಿಯುವ ನೀರಿನ ಪೈಪಿಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಿ.

ಅಡುಗೆಯ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಶೇಖರವಾಗುತ್ತದೆ ಎಂಬುದು ನಿಮಗೆ ತಿಳಿದದ್ದೇ. ನೆಲದ ಹತ್ತಿರವಿರುವ ಡಿಟೆಕ್ಟರಿನ ಮೇಲೆ ಮುದ್ರಿಸಿದ ದಿನಾಂಕ ನೋಡಿ, ಅವಧಿ ಮುಗಿದಿದ್ದರೆ ಬದಲಿಸಿ. ಓಡಿಸುವಾಗ ಸಿಲಿಂಡರ್ ಮುಚ್ಚಿರಲಿ.

ಹಂತ 8: ದಾರಿ

ಒಳನಾಡಿನ ಜಲಮಾರ್ಗದಲ್ಲಿ 65 ಅಡಿಯ ಸೇತುವೆಗಳನ್ನು, ಮಯಾಮಿಯ ಜೂಲಿಯಾ ಟಟ್ಲ್ ಸೇತುವೆಯ 56 ಅಡಿಯನ್ನು ಮಾಸ್ಟಿನ ಎತ್ತರಕ್ಕೆ ಹೋಲಿಸಿ ನೋಡುತ್ತಿದ್ದವರು ನೀವು. ಅದೇ ಶಿಸ್ತು ಇಲ್ಲೂ ಬೇಕು. ಚಾವಣಿಯ ಎಸಿಯೂ ಸೇರಿದಂತೆ ಟ್ರೇಲರಿನ ಎತ್ತರ ಅಳೆದು, ಚೀಟಿಯಲ್ಲಿ ಬರೆದು ಸ್ಟೀರಿಂಗಿನ ಎದುರು ಅಂಟಿಸಿ. ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇಯಲ್ಲಿ ಟ್ರೇಲರಿಗೆ ಪ್ರವೇಶವೇ ಇಲ್ಲ. ನ್ಯೂಯಾರ್ಕಿನ ಅನೇಕ ಪಾರ್ಕ್‌ವೇಗಳ ಸೇತುವೆಗಳು ತೀರ ತಗ್ಗು. ಕಾರಿಗೆಂದು ಮಾಡಿದ ಮ್ಯಾಪ್ ಇದನ್ನು ಹೇಳುವುದಿಲ್ಲ, ಎತ್ತರ ನಮೂದಿಸಬಹುದಾದ ಮ್ಯಾಪ್ ಬಳಸಿ.

ಬಾಲ್ಟಿಮೋರ್‌ನ ಎರಡು ಸುರಂಗಗಳಲ್ಲೂ 10 ಪೌಂಡ್ ಮೀರಿದ ಪ್ರೊಪೇನ್ ಸಿಲಿಂಡರ್ ಒಯ್ಯುವಂತಿಲ್ಲ. ಟ್ರೇಲರಿನವು ಸಾಮಾನ್ಯವಾಗಿ 20 ಅಥವಾ 30 ಪೌಂಡಿನವು. ಮೊದಲು ಕೀ ಬ್ರಿಡ್ಜ್ ಮೇಲೆ ಹೋಗುತ್ತಿದ್ದರು. 2024ರ ಮಾರ್ಚ್ 26ರಂದು ಹಡಗು ಬಡಿದು ಅದು ಕುಸಿಯಿತು. ಹೊಸ ಸೇತುವೆ ತೆರೆಯುವವರೆಗೆ ನಗರವನ್ನು ಬಳಸುವ ಐ-695 ಹೆದ್ದಾರಿಯ ಪಶ್ಚಿಮ ಭಾಗದಲ್ಲಿ ಸುತ್ತಿ ಹೋಗಬೇಕು.

ಟ್ರೇಲರ್ ಟೈರುಗಳಲ್ಲಿ ಅನೇಕವು ಗಂಟೆಗೆ 65 ಮೈಲಿಯ ವೇಗಕ್ಕಷ್ಟೇ ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55. ಟೈರಿನ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಟೈರಿನ ಮೇಲ್ಮೈ ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ್ದನ್ನು ನಂಬಬೇಡಿ. ಚಕ್ರ ಬಿಚ್ಚಿ ಹಾಕಿದ ಮೊದಲ 50 ಮೈಲಿಯಲ್ಲಿ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೆ ಬಿಗಿಮಾಡಿ. ಬೇರಿಂಗಿಗೆ ವರ್ಷಕ್ಕೊಮ್ಮೆ ಹೊಸ ಗ್ರೀಸ್.

ಹಂತ 9: ತಂಗುವ ಜಾಗ

ಸಿಕ್ಕಲ್ಲಿ ಲಂಗರು ಹಾಕುವ ಸ್ವಾತಂತ್ರ್ಯಕ್ಕೆ ಹತ್ತಿರವಾದದ್ದು ಪಶ್ಚಿಮ ರಾಜ್ಯಗಳ ಬಿಎಲ್‌ಎಂ ಜಮೀನು, ಅಂದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಭೂಮಿ. ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಉಚಿತವಾಗಿ ಇರಬಹುದು, ಆಮೇಲೆ ಜಾಗ ಬದಲಿಸಬೇಕು. ಚಳಿಗಾಲ ಪೂರ್ತಿ ಒಂದೆಡೆ ನಿಲ್ಲಲು ಅರಿಜೋನಾದ ಕ್ವಾರ್ಟ್ಸ್‌ಸೈಟ್ ಬಳಿಯ ಲಾ ಪೋಸಾದಂಥ ದೀರ್ಘಾವಧಿ ತಾಣಗಳಿವೆ, ಶುಲ್ಕ ಕಟ್ಟಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದು. ರಾಷ್ಟ್ರೀಯ ಉದ್ಯಾನಗಳ ಅನೇಕ ತಾಣಗಳ ಬುಕಿಂಗ್ ಆರು ತಿಂಗಳು ಮೊದಲೇ ತೆರೆಯುತ್ತದೆ, ಟ್ರೇಲರಿನ ಉದ್ದದ ಮಿತಿ ನೋಡಿಕೊಂಡೇ ಕಾಯ್ದಿರಿಸಿ. ಫ್ಲಾರಿಡಾದ ರಾಜ್ಯ ಉದ್ಯಾನಗಳಲ್ಲಿ ಅಲ್ಲಿನ ನಿವಾಸಿಗಳಿಗೆ 11 ತಿಂಗಳು ಮೊದಲು, ಹೊರಗಿನವರಿಗೆ 10 ತಿಂಗಳು ಮೊದಲು ಬುಕಿಂಗ್ ಸಿಗುತ್ತದೆ. ಚಳಿಗಾಲವನ್ನು ಹಳೆಯ ಕರಾವಳಿಯಲ್ಲೇ ಕಳೆಯುವ ಆಸೆಯಿದ್ದವರು ಮೂರನೇ ಹಂತದಲ್ಲಿ ವಿಳಾಸ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೊದಲ ಎರಡು ವಾರ ಎಲ್ಲಿಗೂ ದೂರ ಹೋಗಬೇಡಿ. ಟ್ರೇಲರ್ ಕೊಂಡ ಅಂಗಡಿಯಿಂದ ಗಂಟೆಯ ದೂರದಲ್ಲಿ ನೀರು, ಕರೆಂಟು, ಒಳಚರಂಡಿ ಮೂರೂ ಇರುವ ಕ್ಯಾಂಪ್ ಹಿಡಿದು, ಪ್ರತಿ ನಲ್ಲಿ, ಪ್ರತಿ ಸ್ವಿಚ್ಚು, ಹೀಟರ್, ಎಸಿ, ಫ್ರಿಜ್ ಎಲ್ಲವನ್ನೂ ಬಳಸಿ, ಕಂಡ ದೋಷವನ್ನೆಲ್ಲ ಬರೆದುಕೊಳ್ಳಿ. ಒಂದು ಮಳೆ ಬರುವವರೆಗೆ ಕಾಯಿರಿ. ಮಳೆಯ ಮರುದಿನ ಕಪಾಟುಗಳ ಹಿಂಬದಿಗೆ ಕೈಹಾಕಿ ತೇವವಿದೆಯೇ ನೋಡಿ, ಪಟ್ಟಿಯಲ್ಲಿರುವುದನ್ನೆಲ್ಲ ವಾರಂಟಿಯಲ್ಲೇ ಸರಿಮಾಡಿಸಿಕೊಂಡು ಹೊರಡಿ.